ಕೂಸಿಗೆ ಮುಂಚಿನ ಕುಲಾವಿ

ಶಿಕಾರಿಪುರದ ನಮ್ಮ ಓಣಿಯಲ್ಲಿ ಎದುರುಮನೆಯವರು ಕಾರು ಕೊಳ್ಳುವ ಮೊದಲೇ ಅದರ ಹೊದಿಕೆ ಕೊಂಡು, ತೊಳೆದು, ಗೇಟಿನ ಮೇಲೆ ಒಣಹಾಕಿದ್ದಾರೆ. ದಿನವೂ ಕಸಬರಿಗೆ ಹಿಡಿದು ಅಂಗಳಕ್ಕಿಳಿದಾಗ ಆ ಬೂದುಬಣ್ಣದ ನಿರಾಕಾರ ವಾಹನ ಕಣ್ಣಿಗೆ ಬೀಳುತ್ತದೆ. ಒಂದು ಗಾದೆ ನಾಲಿಗೆಯ ತುದಿಯವರೆಗೆ ಬಂದು ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಲೇ ಕೂದಲು ನರೆತವಳಿಗೆ ಬಾಯಿಗೆ ಬಂದ ಗಾದೆಯನ್ನು ನುಂಗಿಕೊಳ್ಳುವುದೆಂದರೆ ಅಜೀರ್ಣಕ್ಕೆ ಆಹ್ವಾನ ಕೊಟ್ಟಂತೆ. ಆದರೂ ನುಂಗುತ್ತೇನೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಗಾದೆ ನಿಮಗೂ ಗೊತ್ತಿದ್ದದ್ದೇ: ಕೂಸು ಹುಟ್ಟುವ ಮುಂಚೆ ಕುಲಾವಿ. ಕಿವಿ ಮುಚ್ಚುವ, ಗದ್ದದ ಕೆಳಗೆ ದಾರ ಕಟ್ಟುವ ಹಸುಗೂಸಿನ ಟೋಪಿಯೇ ಕುಲಾವಿ. 'ಕುಲ'ವನ್ನು ಕಾಯುವುದರಿಂದ ಅದು ಕುಲಾವಿ ಎಂದು ನಾನೊಮ್ಮೆ ತರಗತಿಯಲ್ಲಿ ಮಹಾಗಾಂಭೀರ್ಯದಿಂದ ವ್ಯುತ್ಪತ್ತಿ ಬಿಡಿಸಿದ್ದೆ. ಅದು ಫಾರಸಿಯ ಕಡೆಯಿಂದ ಬಂದ ಪದ, ನಮ್ಮ 'ಜಮೀನು' ಎಂಬ ಪದದ ದೂರದ ನೆಂಟ ಎಂದು ತಿಳಿಯುವ ಹೊತ್ತಿಗೆ ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದರು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕುಲಾವಿ ತರುವ ಹಕ್ಕು ಸೋದರತ್ತೆಯದು. ಕೂಸಿನ ಕಿವಿಯಲ್ಲಿ ಹೆಸರು ಕೂಗುವವಳೂ ಅವಳೇ.

ಮೂರು ವರ್ಷದ ಹಿಂದೆ, ತಮ್ಮನ ಹೆಂಡತಿ ದಾಕ್ಷಾಯಿಣಿ ಬಸುರಿಯೆಂದು ಆನವಟ್ಟಿಯಿಂದ ಫೋನು ಬಂತು. ಆಗಷ್ಟೇ ನಿವೃತ್ತಳಾಗಿದ್ದ ನಾನು ಎರಡು ಕಡ್ಡಿ, ನಾಲ್ಕು ಉಂಡೆ ಹಳದಿ ಉಲ್ಲನ್ ತಂದು ಮೊಬೈಲಿನ ಮುಂದೆ ಶಿಷ್ಯೆಯಾಗಿ ಕುಳಿತೆ. ಹಿಮದ ನಾಡಿನ ಹೆಂಗಸೊಬ್ಬಳು ಕಲಿಸುತ್ತಿದ್ದ ಆ ಟೋಪಿಗೆ ಎರಡು ಕಿವಿ, ಕಿವಿಯಿಂದ ಇಳಿದ ಎರಡು ಜಡೆ, ಜಡೆಗೊಂದೊಂದು ಗೊಂಡೆ, ನೆತ್ತಿಗೆ ಇನ್ನೊಂದು ದೊಡ್ಡ ಗೊಂಡೆ. ನಮ್ಮ ಕುಲಾವಿಯೇ ವೇಷ ಹಾಕಿಕೊಂಡು ಬಂದಂತಿತ್ತು. ನನ್ನ ಪ್ರಥಮ ಕೃತಿ ಕೂಸಿಗೆ ದೊಡ್ಡದಾಗಿ, ನನಗೆ ಚಿಕ್ಕದಾಗಿ, ಕೊನೆಗೆ ಅಡುಗೆಮನೆಯ ತಾಮ್ರದ ಚೊಂಬಿಗೆ ಹೇಳಿ ಮಾಡಿಸಿದಂತೆ ಕುಳಿತಿತು. ಎರಡನೆಯದರಲ್ಲಿ ಒಂದು ಕಿವಿ ಕೆನ್ನೆಗಿಳಿದಿತ್ತು. ಮೂರನೆಯದು ಮಾತ್ರ ಟೋಪಿಯೆಂಬ ಸಂಜ್ಞೆಗೆ ಅರ್ಹವಾಯಿತು.

ತಮ್ಮನ ಮನೆಯ ಜಗುಲಿಯಲ್ಲಿ ಕುಳಿತು ಅದರ ಗೊಂಡೆಯನ್ನು ಕತ್ತರಿಯಿಂದ ದುಂಡಗೆ ಮಾಡುತ್ತಿದ್ದಾಗ ಅವ್ವ ಎಲೆಯಡಿಕೆ ಮೆಲ್ಲುತ್ತ ನಕ್ಕಳು. "ಏನವ್ವಾ ಟೀಚರಮ್ಮಾ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ಸಿದ್ರಂತೆ!" ನಾವೆಲ್ಲ ನಕ್ಕೆವು. ದಾಕ್ಷಾಯಿಣಿ ಟೋಪಿಯನ್ನು ತನ್ನ ಮುಷ್ಟಿಗೆ ತೊಡಿಸಿ, ಅದಕ್ಕೆ ತಲೆದೂಗಲು ಕಲಿಸಿದಳು.

ಕೂಸು ದಿನ ತುಂಬಿಯೇ ಹುಟ್ಟಿತು. ಹೆಣ್ಣು. ಅಳಲಿಲ್ಲ.

ಪುಷ್ಯ ಮಾಸದ ಚಳಿಯ ಬೆಳಗು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಆಸ್ಪತ್ರೆಯ ಬಾಗಿಲಲ್ಲಿ ತಮ್ಮನ ಕೈಗೆ ಕೊಟ್ಟವಳು ನಾನೇ. ಅವನು ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ. ಕೂಸು ನನ್ನ ಕೈಯಲ್ಲಿದ್ದಷ್ಟು ಹೊತ್ತೂ ಹೆಗಲ ಚೀಲದಲ್ಲಿ ಆ ಹಳದಿ ಟೋಪಿ ಇತ್ತು. ತೆಗೆಯಲು ಕೈ ಬರಲಿಲ್ಲ. ಆ ಟೋಪಿಯಿಂದಲೇ ಹೀಗಾಯಿತೆಂದು ಅಂಜಿದೆ. ಎಷ್ಟೋ ಮಕ್ಕಳಿಗೆ ಗಾದೆಯ ಅರ್ಥ ವಿಸ್ತರಿಸಲು ಕಲಿಸಿದವಳು ಗಾದೆಗೇ ಹೆದರಿದ್ದೆ. "ನನ್ನ ಬಾಯಿಗೆ ಹುಳ ಬೀಳ್ಲಿ" ಎಂದು ಅವ್ವ ಗೋಡೆಗೆ ಒರಗಿ ಅತ್ತಳು. ಅಂದಿನಿಂದ ನಮ್ಮ ಎರಡೂ ಮನೆಗಳಲ್ಲಿ ಆ ಗಾದೆ ನಿಷಿದ್ಧವಾಯಿತು. ಟೋಪಿ ನನ್ನ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಅಜ್ಞಾತವಾಸಕ್ಕೆ ಹೋಯಿತು.

ಈ ವರ್ಷ ದಾಕ್ಷಾಯಿಣಿ ಮತ್ತೆ ಬಸುರಿಯಾದಳು. ತವರಿನಲ್ಲಿ ತಾಯಿಯಿಲ್ಲದ ಅವಳ ಆರೈಕೆ ಈ ಸಲವೂ ಆನವಟ್ಟಿಯಲ್ಲೇ. ಆದರೆ ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಅಟ್ಟದ ತೊಟ್ಟಿಲು ಇಳಿಯಲಿಲ್ಲ, ಹಳೆಯ ಸೀರೆಗಳು ದುಪಟಿಯಾಗಲಿಲ್ಲ. ನಾನೂ ಬಸ್ಸಿನಲ್ಲಿ ಹೋಗಿ ಬಾಳೆಹಣ್ಣು ಕೊಟ್ಟು, ಹವಾಮಾನದ ಬಗ್ಗೆ ವಿದ್ವತ್ಪೂರ್ಣವಾಗಿ ಮಾತಾಡಿ ಬರುತ್ತಿದ್ದೆ. ಅದನ್ನು ನಾವು ಎಚ್ಚರಿಕೆ ಎಂದುಕೊಂಡಿದ್ದೆವು.

ಹೋದ ತಿಂಗಳು ಅಕ್ಕಿ ಆರಿಸುತ್ತ ಕುಳಿತಿದ್ದ ದಾಕ್ಷಾಯಿಣಿ ಮೊರದಿಂದ ತಲೆ ಎತ್ತದೆ ಕೇಳಿದಳು: "ಅಕ್ಕಾ, ಆ ಕುಲಾವಿ ಏನ್ ಮಾಡಿದ್ರಿ?"

"ಬಿಚ್ಚಿಬಿಟ್ಟೆ" ಎಂದು ಸುಳ್ಳು ಹೇಳಿದೆ.

"ಅವತ್ತು ಅದನ್ನ ಹಾಕಿ ಕಳಿಸ್ಬೇಕಿತ್ತು ನೋಡ್ರಿ. ಅಂಥಾ ಚಳ್ಯಾಗೆ ಬರಿತಲೇಲಿ ಹೋತು ನನ್ನ ಮಗಳು." ಒಂದು ಕಲ್ಲು ಆರಿಸಿ ಹೊರಗೆಸೆದಳು. "ಇದಕ್ಕಾದ್ರೂ ಈಗ್ಲೇ ಹೆಣೀರಿ. ಎಲ್ರೂ ಸುಮ್ನೆ ಕುಂತ್ರೆ, ತಾನು ಬರೋದು ಯಾರಿಗೂ ಬ್ಯಾಡಾಗೈತಿ ಅಂದ್ಕಳ್ತದೆ ಕೂಸು."

ಮೂರು ವರ್ಷ ನಾನು ನನ್ನ ಅಪರಾಧವನ್ನೇ ಮುದ್ದಿಸುತ್ತ ಕೂತಿದ್ದೆ. ಅವಳು ಒಂದು ಪುಟ್ಟ ತಲೆಯ ಚಳಿಯನ್ನು ನೆನೆಯುತ್ತಿದ್ದಳು. ಗಾದೆ ನಮ್ಮ ಅವಸರವನ್ನು ನೋಡಿ ನಗುತ್ತದೆ, ಸರಿ. ಹಂಬಲವನ್ನು ಅಳೆಯುವ ಕೋಲು ಅದರ ಹತ್ತಿರ ಇಲ್ಲ.

ಮುಂದಿನ ವಾರ ಹೋದಾಗ ಟೋಪಿ ಮತ್ತೆ ನನ್ನ ಚೀಲದಲ್ಲಿತ್ತು. ಈ ಸಲ ಹೊರಗೆ ತೆಗೆದೆ. ಸುಳ್ಳು ಹೇಳಿದ್ದೆ ಎಂದೆ. ದಾಕ್ಷಾಯಿಣಿ ಅದನ್ನು ಹಿಂದಿನಂತೆಯೇ ಮುಷ್ಟಿಗೆ ತೊಡಿಸಿ, ಜಡೆಗಳೆರಡನ್ನೂ ಮಣಿಕಟ್ಟಿನ ಕೆಳಗೆ ಕಟ್ಟಿ, ಎದೆಗೊತ್ತಿಕೊಂಡು ಅತ್ತಳು, ನಾನೂ ಅತ್ತೆ. ಸಂಜೆ ತಮ್ಮ ಅದನ್ನು ಹೊಲದ ಬದುವಿಗೆ ಒಯ್ದು, ಮಗಳನ್ನು ಮಲಗಿಸಿದ ಜಾಗದಲ್ಲೇ ಮಣ್ಣಿಗಿಟ್ಟು ಬಂದ.

ಆಮೇಲೆ ನಾನು ಕೆಂಪು ಉಲ್ಲನ್ನಿನ ಲಡಿ ಬಿಚ್ಚಿದೆ. ಉಂಡೆ ಸುತ್ತಲು ಯಾರಾದರೂ ಅದನ್ನು ಎರಡು ಕೈಗೆ ಹಾಕಿಕೊಂಡು ಕೂರಬೇಕು. ಕರೆಯದಿದ್ದರೂ ಅವ್ವ ಬಂದು ಎದುರಿಗೆ ಕುಳಿತು ಕೈ ಚಾಚಿದಳು. ಅರ್ಧ ಸುತ್ತುವಷ್ಟರಲ್ಲಿ ಅವಳ ತುಟಿ ಅಲುಗಿತು. "ಕೂಸು ಹುಟ್ಟೋಕ್ ಮುಂಚೆ..." ಎಂದಳು. ನನ್ನ ಕೈ ನಿಂತಿತು. ದಾಕ್ಷಾಯಿಣಿ ಅತ್ತೆಯ ಮುಖ ನೋಡಿದಳು. ಅವ್ವ ಲಡಿಯ ಕೈಗಳನ್ನು ಇನ್ನಷ್ಟು ಮುಂದೆ ಚಾಚಿದಳು. "...ಕುಲಾವಿ ಆಗ್ಬೇಕವ್ವಾ. ಕೂಸು ಹುಟ್ಲಿ ಅಂತ ಚಳಿ ಏನು ಕಾಯ್ಕಂಡ್ ಕೂರ್ತದಾ?"

ಎದುರುಮನೆಗೆ ಕಾರು ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ಅದರ ಹೊದಿಕೆ ಗಾಳಿಗೆ ಬೀದಿಗೆ ಬಿದ್ದಿತ್ತು. ಎತ್ತಿ, ಧೂಳು ಕೊಡವಿ, ಮತ್ತೆ ಗೇಟಿನ ಮೇಲೆ ಹರಡಿ ಬಂದೆ. ದಾಕ್ಷಾಯಿಣಿಗೆ ಎಂಟು ತುಂಬಿದೆ. ಟೋಪಿಯ ಒಂದು ಕಿವಿ ಮುಗಿದಿದೆ. ಇನ್ನೊಂದಕ್ಕೆ ಕುಣಿಕೆ ಹಾಕಿದ್ದೇನೆ.