ಊರಿಗಾಗದ ಸ್ಕೇಟು

ನಾನು ಮಂಜುಗಡ್ಡೆಯನ್ನು ಮೊದಲು ಕಂಡದ್ದು ಮೀನಿನ ಬುಟ್ಟಿಯಲ್ಲಿ. ಉಡುಪಿ ಕಡೆಯ ಕಡಲ ಕರೆಯಲ್ಲಿ ಹುಟ್ಟಿದವರಿಗೆ ಐಸ್ ಎಂದರೆ ಬಂಗುಡೆಗೆ ಹೊದೆಸುವ ವಸ್ತು. ಅದನ್ನು ಕುಟ್ಟಿ ಪುಡಿ ಮಾಡಬಹುದು, ಯಾರೂ ನೋಡದಾಗ ಒಂದು ಚೂರು ಬಾಯಿಗೆ ಹಾಕಿಕೊಂಡು ಮೀನಿನ ವಾಸನೆ ಸಹಿತ ಚೀಪಬಹುದು. ಅದರ ಮೇಲೆ ನಿಲ್ಲಬಹುದು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಿರುವಾಗ ನಲವತ್ತು ದಾಟಿದ ಮೇಲೆ, ಅದೂ ಕುವೈತಿನ ಮರಳುಗಾಡಿನಲ್ಲಿ, ಅದೂ ಕಳೆದ ವರ್ಷದ ಜುಲೈ ಬಿಸಿಲಿನಲ್ಲಿ, ನಾನು ಐಸ್ ಹಾಕಿ ಎಂಬ ಆಟದ ಸ್ಕೇಟು ಕೊಳ್ಳಲು ಹೊರಟೆ ಎಂದರೆ ನಿಮಗೆ ನಗು ಬರುತ್ತದೆ. ಧಾರಾಳವಾಗಿ ನಗಿ. ನನ್ನ ಹೆಂಡತಿ ವಾರಿಜ ನಕ್ಕು ಮುಗಿಸಿದ ಮೇಲೆ ಉಳಿದವರ ನಗು ನನಗೆ ತಟ್ಟುವುದಿಲ್ಲ.

ತಪ್ಪೆಲ್ಲ ಮಗಳದ್ದು. ಶಾಲೆಯವರು ಮಕ್ಕಳನ್ನು ಐಸ್ ರಿಂಕಿಗೆ, ಅಂದರೆ ಮಂಜುಗಡ್ಡೆಯ ಜಾರಾಟದ ಅಂಗಳಕ್ಕೆ, ಕರೆದುಕೊಂಡು ಹೋಗುವಾಗ ಜೊತೆಗೆ ಒಬ್ಬ ದೊಡ್ಡವರು ಬೇಕಂತೆ. ನಾನು ಫರ್ವಾನಿಯಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವವನು, ಚಳಿಯ ಅಭ್ಯಾಸ ಉಂಟು, ಹೋದೆ. ಅಡಿಯಲ್ಲಿ ಉಕ್ಕಿನ ಕತ್ತಿಯಿರುವ ಬಾಡಿಗೆಯ ಸ್ಕೇಟು ಕಟ್ಟಿಕೊಂಡು ಐಸಿನ ಮೇಲೆ ಕಾಲಿಟ್ಟೆ. ಆಮೇಲಿನ ಹೊತ್ತನ್ನೆಲ್ಲ ಹೆಚ್ಚುಕಡಿಮೆ ಕುಳಿತೇ ಕಳೆದೆ. ಆದರೆ ಹೊರಡುವ ಸ್ವಲ್ಪ ಮುಂಚೆ, ಹೇಗೋ ಏನೋ, ಗೋಡೆ ಬಿಟ್ಟು ಎರಡು ಮಾರು ದೂರ ಜಾರಿದೆ. ನಾನು ನಡೆಯಲಿಲ್ಲ, ನೆಲವೇ ನನ್ನನ್ನು ಒಯ್ದಿತು. ಅಷ್ಟು ಸಾಕಾಯಿತು. ಆವತ್ತಿನಿಂದ ಶುಕ್ರವಾರ ಬಂತೆಂದರೆ, ಹೊರಗೆ ಕಾಗೆಯೂ ಹಾರದ ಬಿಸಿಲಿದ್ದರೂ, ಉಣ್ಣೆಯ ಸ್ವೆಟರನ್ನು ಚೀಲಕ್ಕೆ ತುರುಕಿ ಬಸ್ಸಿಗೆ ಕಾಯುವವನಾದೆ.

ಅಲ್ಲಿ ಸಿಕ್ಕಿದವನು ವಾಲ್ಟರ್. ಮಂಗಳೂರಿನ ಕೊಂಕಣಿ ಕ್ರೈಸ್ತ, ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವನು. ಬಿದ್ದವರನ್ನು ಎಬ್ಬಿಸುವಾಗಲೂ ಮೂಳೆ ಎಣಿಸುವ ಹಾಗೆ ನೋಡುತ್ತಾನೆ. ಅವನೇ ಒಂದು ತಂಡ ಕಟ್ಟಿದ್ದ. ಲೆಬನಾನಿನವರು, ಫಿಲಿಪ್ಪೀನ್ಸಿನವರು, ಮಲಯಾಳಿಗಳು, ಕೊನೆಯಲ್ಲಿ ನಾನು. ಐಸ್ ಹಾಕಿಯಲ್ಲಿ ಚೆಂಡಿಲ್ಲ. ರಬ್ಬರಿನ ದಪ್ಪ ಬಿಲ್ಲೆಯನ್ನು ಕೋಲಿನಿಂದ ತಳ್ಳಿಕೊಂಡು ಹೋಗಬೇಕು. ಜುಲೈ ಕೊನೆಯ ಶುಕ್ರವಾರ ಅಹ್ಮದಿ ಪಟ್ಟಣದವರ ಮೇಲೆ ಪಂದ್ಯ ಗೊತ್ತಾಯಿತು. ವಾಲ್ಟರ್ ಒಂದು ಕಟ್ಟಪ್ಪಣೆ ಹೊರಡಿಸಿದ.

"ಶೇಖರಣ್ಣ, ಬಾಡಿಗೆ ಸ್ಕೇಟಿನ ಮೂತಿಗೆ ಹಲ್ಲು ಉಂಟು. ಅದು ಕುಣಿಯುವವರಿಗೆ. ಹಾಕಿಗೆ ಹಲ್ಲಿಲ್ಲದ್ದೇ ಆಗ್ಬೇಕು. ಸ್ವಂತದ್ದು ತೆಗೊಳ್ಳಿ, ಇಲ್ಲದಿದ್ರೆ ನೀವು ಕೂತು ಚಪ್ಪಾಳೆ ಹೊಡೀರಿ. ಬೇಜಾರು ಮಾಡ್ಬೇಡಿ ಮಾರಾಯ್ರೆ."

ಬೇಜಾರು ಮಾಡದೆ ಇರುವುದು ಹೇಗೆ? ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ತಂಡದಲ್ಲಿ ನನ್ನ ಹೆಸರು ಬಂದಿತ್ತು. ಶಾಲೆಯಲ್ಲಿ ಕಬಡ್ಡಿಗೆ ಆಳು ಆರಿಸುವಾಗ ಎರಡೂ ಕಡೆಯವರು ನನ್ನನ್ನು ಇನ್ನೊಂದು ಕಡೆಗೆ ದಾನ ಮಾಡುತ್ತಿದ್ದರು. ಆ ಪಂದ್ಯ ನನಗೆ ಬೇಕೇ ಬೇಕಿತ್ತು. ಬೇಕು ಎಂದರೆ ಸ್ಕೇಟು ಕೊಳ್ಳಬೇಕು, ಕೊಳ್ಳಬೇಕು ಎಂದರೆ ವಾರಿಜಳನ್ನು ಕೇಳಬೇಕು.

ಇಲ್ಲಿ ನಮ್ಮ ಗಲ್ಫ್ ಧರ್ಮಶಾಸ್ತ್ರವನ್ನು ಸ್ವಲ್ಪ ವಿವರಿಸದೆ ವಿಧಿಯಿಲ್ಲ. ನಾವು ಇಲ್ಲಿ ಏನನ್ನು ಕೊಳ್ಳುವಾಗಲೂ ಕೇಳುವುದು ಒಂದೇ ಪ್ರಶ್ನೆ: ಇದು ಊರಿಗೆ ಆಗುತ್ತದಾ? ಆಗುವುದಾದರೆ ಕೊಳ್ಳುತ್ತೇವೆ, ಮಂಚದಡಿಗೆ ತಳ್ಳುತ್ತೇವೆ. ನಮ್ಮ ಮಂಚದಡಿಯಲ್ಲಿ ಹೂವಿನ ಚಿತ್ರದ ಡಿನ್ನರ್ ಸೆಟ್ಟು ಇತ್ತು, ನಾವು ಉಣ್ಣುತ್ತಿದ್ದುದು ಅಂಚು ಒಡೆದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಹುಲಿಯ ಚಿತ್ರದ ಕಂಬಳಿಗಳಿದ್ದವು, ನಾವು ಹೊದೆಯುತ್ತಿದ್ದುದು ತೇಪೆ ಹಾಕಿದ ಬೆಡ್‌ಶೀಟು. ಮಿಕ್ಸಿಯೊಂದು ಡಬ್ಬದಿಂದ ಹೊರಗೇ ಬಂದಿರಲಿಲ್ಲ. ಬದುಕುವುದು ಊರಿಗೆ ಹೋದ ಮೇಲೆ, ಇಲ್ಲಿರುವುದು ಬರೀ ಕಾಯುವುದಕ್ಕೆ ಎಂಬ ಲೆಕ್ಕ. ಊರಿನವರೂ ಸಹಕರಿಸುತ್ತಿದ್ದರು. ಶೂ ಬೇಕಾದವರು ಕಾಗದದ ಮೇಲೆ ಪಾದವಿಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿಸಿ, ಲಕೋಟೆಯಲ್ಲಿ ಕಳುಹಿಸುತ್ತಿದ್ದರು. ನಮ್ಮ ಡ್ರಾಯರ್ ತೆರೆದರೆ ನೆಂಟರೆಲ್ಲರ ಪಾದದರ್ಶನ. ಅದರಲ್ಲಿ ನನ್ನ ಭಾವ ದಾಮು, ಅಂದರೆ ವಾರಿಜಳ ತಮ್ಮ, ಅವನ ಪಾದ ಒಂದು ಹಾಳೆಗೆ ಸಾಲದೆ ಎರಡು ಹಾಳೆ ಅಂಟಿಸಿದ್ದು.

ವಾರಿಜ ನನ್ನ ಅರ್ಜಿಯನ್ನು ಮೀನು ಕೊಯ್ಯುತ್ತಲೇ ಕೇಳಿದಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಇಳಿದುಹೋಗುತ್ತದೆ, ಆದರೂ ಕೇಳಿ.

"ನಿಮಗೆ ಮಂಡೆ ಸಮ ಉಂಟಾ? ಅದು ಊರಿಗೆ ಆಗ್ತದಾ? ಊರಲ್ಲಿ ಎಲ್ಲಿ ಜಾರುದು, ಪಾಚಿ ಹಿಡಿದ ಬಾವಿಕಟ್ಟೆಯಲ್ಲಾ?"

"ಒಂದು ಪಂದ್ಯ ಉಂಟು. ಅದಿಲ್ಲದಿದ್ರೆ ಸೇರಿಸುದಿಲ್ಲ" ಎಂದೆ. ನನ್ನ ಧ್ವನಿ ನನಗೇ ಮಗಳ ಧ್ವನಿಯಂತೆ ಕೇಳಿಸಿತು.

ಅವಳು ಕೈ ತೊಳೆದುಕೊಂಡಳು. ಆಮೇಲೆ ಡ್ರಾಯರಿನಿಂದ ದಾಮುವಿನ ಪಾದ ತೆಗೆದು ನನ್ನ ಕೈಗಿತ್ತಳು. "ತೆಗೊಳ್ಳುದಾದ್ರೆ ಇವನ ಅಳತೆಗೆ ತೆಗೊಳ್ಳಿ. ನಿಮ್ಮ ಹುಚ್ಚು ಬಿಟ್ಟ ಮೇಲೆ ಅಡಿಯ ಕತ್ತಿ ತೆಗೆಸಿ ಅವನಿಗೆ ಕೊಡ್ಬಹುದು. ಮಳೆಗಾಲಕ್ಕೆ ಒಳ್ಳೇ ಬೂಟ್ಸ್ ಆಗ್ತದೆ."

ನೀವು ನಗುತ್ತಿರಬಹುದು. ಆದರೆ ನನಗೆ ಆಗ ಅದು ಪರಮ ವಿವೇಕದ ಮಾತಾಗಿ ತೋರಿತು. ಹೌದಲ್ಲ, ಒಂದು ಕಲ್ಲಿಗೆ ಎರಡು ಹಕ್ಕಿ! ಗುರುವಾರ ಸಂಜೆ ಭಾವನ ಪಾದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ವಾಲ್ಟರನ ಹಳೆಯ ಕಾರಿನಲ್ಲಿ ಸಾಲ್ಮಿಯಾದ ಕ್ರೀಡಾ ಸಾಮಾನಿನ ಅಂಗಡಿಗೆ ಹೊರಟೆ. ಎದೆ ಮದುವೆಗೆ ಹೆಣ್ಣು ನೋಡಲು ಹೋದ ದಿನದಂತೆ ಹೊಡೆದುಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಆ ದಿನ ಆಯ್ಕೆ ನನ್ನದಾಗಿರಲಿಲ್ಲ.

ಅಂಗಡಿಯಲ್ಲಿ ನನಗೆ ಸಲ್ಲಬಹುದಾದದ್ದು ಎರಡೇ ಜೊತೆ. ಒಂದು ದೊಡ್ಡದು, ಹೊಳೆಯುವ ಕಪ್ಪು, ಪಕ್ಕದಲ್ಲಿ ಹಳದಿ ಪಟ್ಟಿ. ಇನ್ನೊಂದು ಸಣ್ಣದು, ಅಲಂಕಾರವಿಲ್ಲದ್ದು. ಎರಡಕ್ಕೂ ಒಂದೇ ಬೆಲೆ. ಒಂದೇ ಬೆಲೆಗೆ ದೊಡ್ಡದು ಸಿಗುವಾಗ ಸಣ್ಣದನ್ನು ಕೊಳ್ಳುವುದು ನಮ್ಮ ಜಾಯಮಾನಕ್ಕೆ ಸಲ್ಲದ ಮಾತು. ಮೂಗಿಗೆ ತಾಗುವಂಥ ಹೊಸ ಚರ್ಮದ ವಾಸನೆ, ಮುಟ್ಟಿದರೆ ಬೆರಳು ಜುಂ ಎನ್ನುವ ತಣ್ಣನೆಯ ಉಕ್ಕು. ಹಿಂದೆ ಚಳಿದೇಶದವರು ದನಕುದುರೆಗಳ ಎಲುಬನ್ನು ಕಾಲಿಗೆ ಕಟ್ಟಿಕೊಂಡು ಹೆಪ್ಪುಗಟ್ಟಿದ ಕೆರೆ ದಾಟುತ್ತಿದ್ದರಂತೆ. ಅವರಿಗೆ ಅದು ಪೇಟೆಗೆ ಹೋಗುವ ಉಪಾಯ. ಭಾವನ ಮಳೆಗಾಲಕ್ಕೆಂದು ಯಾವ ಪುಣ್ಯಾತ್ಮನೂ ಎಲುಬು ಆರಿಸಿರಲಾರ.

ನಾನು ದೊಡ್ಡದನ್ನು ನೆಲದ ಮೇಲಿಟ್ಟು, ಜೇಬಿನಿಂದ ಕಾಗದದ ಪಾದವನ್ನು ತೆಗೆದು ಬಿಡಿಸಿ ಪಕ್ಕದಲ್ಲಿ ಹಿಡಿದೆ. ಹೇಳಿ ಮಾಡಿಸಿದ ಹಾಗಿತ್ತು. ಅಂಗಡಿಯವನು "ಯಲ್ಲಾ, ಖಲಾಸ್" ಎಂದು, ವ್ಯಾಪಾರ ಮುಗಿಯಿತೆಂಬಂತೆ ಡಬ್ಬ ಮುಚ್ಚಲು ಬಂದ. ವಾಲ್ಟರ್ ಬಾಯಿ ತೆರೆದು ನಿಂತಿದ್ದ.

"ಇದು ಯಾರ ಕಾಲು?"

"ಭಾವಂದು."

"ನಾಳೆ ಐಸಿನ ಮೇಲೆ ಆಡುದು ಯಾರು, ಭಾವನಾ?"

"ಎರಡು ಕಾಲುಚೀಲ ಹಾಕಿದ್ರೆ ಆಯ್ತು. ಮುಂದೆ ಸ್ವಲ್ಪ ಹತ್ತಿ ತುಂಬಿಸಿದ್ರೆ..."

"ಶೇಖರಣ್ಣ, ಇದು ಚಪ್ಪಲಿ ಅಲ್ಲ! ಹೆಬ್ಬೆರಳು ಮುಂದೆ ತಾಗಿಯೂ ತಾಗದ ಹಾಗೆ ಇರ್ಬೇಕು, ಹಿಮ್ಮಡಿ ಅಲ್ಲಾಡ್ಲಿಕ್ಕೆ ಆಗ್ಬಾರ್ದು. ಎರಡನ್ನೂ ಹಾಕಿ ನೋಡಿ. ಆಮೇಲೆ ನಿಮ್ಮ ಇಷ್ಟ."

ಹಾಕಿ ನೋಡಿದೆ. ದೊಡ್ಡದರಲ್ಲಿ ನಿಂತರೆ ನನ್ನ ಕಾಲು ಒಳಗೆಲ್ಲೋ ಅಲೆದಾಡುತ್ತಿತ್ತು, ಹಿಮ್ಮಡಿ ಮೇಲೇಳುತ್ತಿತ್ತು, ಕಣಕಾಲು ಒಳಕ್ಕೆ ಮಡಚಿಕೊಳ್ಳುತ್ತಿತ್ತು. ತೂಕ ನನ್ನದು, ಜಾಗ ಭಾವನದು. ಅದನ್ನು ಬಿಚ್ಚಿ ಸಣ್ಣದಕ್ಕೆ ಕಾಲು ತುರುಕಿದೆ. ವಾಲ್ಟರ್ ಬೈಹುಲ್ಲಿನ ಕಟ್ಟು ಬಿಗಿಯುವ ಹಾಗೆ ಲೇಸಿನ ಹಗ್ಗ ಎಳೆದ. ನಿಂತೆ. ಇಡೀ ಪಾದವನ್ನು ಯಾರೋ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಂತಾಯಿತು. ಬೆರಳಿಗೊಂದು ಜಾಗ, ಹಿಮ್ಮಡಿಗೊಂದು ಜಾಗ, ಬೇರೆ ಯಾರಿಗೂ ಜಾಗವಿಲ್ಲ. ಬಾಲ್ಯದಲ್ಲಿ ನನಗೆ ಬಂದ ಶೂ ಎಲ್ಲ ಅಣ್ಣನದು, ಇಲ್ಲವೇ ಮುಂದಿನ ವರ್ಷಕ್ಕೂ ಆಗಲಿ ಎಂದು ತಂದದ್ದು. ಗಲ್ಫಿಗೆ ಬಂದ ಮೇಲೆ ಕೊಂಡದ್ದೆಲ್ಲ ಕಾಗದದ ಪಾದಗಳಿಗೆ. ನನ್ನ ಕಾಲಿನ ಅಳತೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಅಂಗಡಿಯಲ್ಲಿ, ಮೊಣಕಾಲವರೆಗೆ ಪ್ಯಾಂಟು ಮಡಚಿ, ಉಣ್ಣೆಯ ಕಾಲುಚೀಲ ಹಾಕಿ ನಿಂತ ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಬಂತು, ಬೇರೆ ಕಾರಣ ಹುಡುಕಬೇಡಿ. ಭಾವನ ಪಾದವನ್ನು ಮಡಚಿ ಜೇಬಿಗೆ ಸೇರಿಸಿದೆ.

"ಇದೇ ಆಗ್ಲಿ" ಎಂದೆ.

ಮನೆಯಲ್ಲಿ ವಾರಿಜ ಡಬ್ಬ ತೆರೆದು, ಮೂತಿಯನ್ನು ಒತ್ತಿ ನೋಡಿದಳು. "ಇದರಲ್ಲಿ ದಾಮುವಿನ ಅರ್ಧ ಕಾಲೂ ಹೋಗುದಿಲ್ಲ."

"ಹೌದು."

ದಾಮುವಿನ ವಿಚಾರ ಅಲ್ಲಿಗೆ ಮುಗಿಯಿತು. ಆದರೆ ಇನ್ನೊಂದು ತಕರಾರು ಎದ್ದಿತು. ಕಾಲಿಗೆ ಹಾಕುವ ವಸ್ತು ನಮ್ಮಲ್ಲಿ ಹೊಸ್ತಿಲು ದಾಟುವಂತಿಲ್ಲ, ಹೊರಗಿಟ್ಟರೆ ಬೆಳಗಾಗುವಾಗ ಇರುವುದಿಲ್ಲ. ಪಾದುಕೆಗೆ ಪೂಜೆ ಮಾಡುವ ನಾಡು ನಮ್ಮದು ಎಂದು ನಾನು ವಾದ ಹೂಡಿದೆ. ಅವಳು ಸ್ಕೇಟನ್ನು ತಿರುಗಿಸಿ ಅಡಿಯನ್ನು ನೋಡಿದಳು.

"ಇದು ನಮ್ಮ ಮೆಟ್ಟುಕತ್ತಿಯೇ ಅಲ್ವಾ? ಅದಕ್ಕೆ ಕಾಲು ಕೊಟ್ಟು ನಾನು ಮೀನು ಕೊಯ್ಯುದು, ಇದಕ್ಕೆ ಕಾಲು ಕೊಟ್ಟು ನೀವು ನಿಮ್ಮನ್ನೇ ಕೊಯ್ದುಕೊಳ್ಳುದು. ಕತ್ತಿ ಒಳಗೆ ಇರ್ಬಹುದು, ಅಡ್ಡಿ ಇಲ್ಲ." ಸ್ಕೇಟು ಅಡುಗೆಮನೆಯ ಮೂಲೆಯಲ್ಲಿ ಮೆಟ್ಟುಕತ್ತಿಯ ಪಕ್ಕ ಕುಳಿತಿತು.

ಪಂದ್ಯವೇ? ಸೋತೆವು, ಚೆನ್ನಾಗಿಯೇ ಸೋತೆವು. ಅಹ್ಮದಿಯವರು ಎಷ್ಟು ಗೋಲು ಹೊಡೆದರೆಂದು ಅವರಿಗೇ ಲೆಕ್ಕ ತಪ್ಪಿತ್ತು. ಆದರೆ ನಾನು ಆಡಿದೆ! ಸ್ಕೇಟು ಮೊದಲ ನೂಕಿಗೇ ಐಸನ್ನು ಕಚ್ಚಿಕೊಂಡಿತು. ಸರ್ರ್ ಎಂದು ಹೋದೆ, ವಾಲಿದೆ, ತಿರುಗಿದೆ. ನನ್ನ ಹೊಟ್ಟೆ ಸ್ವಲ್ಪ ತಡವಾಗಿ ತಿರುಗಿತು. ಒಮ್ಮೆ ಬಿಲ್ಲೆ ನನ್ನ ಕೋಲಿಗೇ ಬಂದು ನಿಂತಿತು. ಗೋಡೆಯಾಚೆಯಿಂದ ಮಗಳು "ಗೋ, ಪಪ್ಪಾ, ಗೋ!" ಎಂದು ಕಿರಿಚಿದಳು. ತಳ್ಳಿದೆ. ವಾಲ್ಟರನಿಗೆ ಸಿಕ್ಕಿತು, ಗೋಲಾಯಿತು. ನಮ್ಮ ಏಕೈಕ ಗೋಲು. ನಾನು ನಿಲ್ಲಲು ಕಲಿಯದ ಕಾರಣ ಗೋಡೆಗೆ ಹೋಗಿ ಬಡಿದೆ. ಎದುರಿಗೆ, ನನ್ನ ಸ್ವೆಟರನ್ನು ಸೀರೆಯ ಮೇಲೆ ಹಾಕಿಕೊಂಡ ವಾರಿಜ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನೆ ಎನ್ನುವಂತೆ ನೋಡುತ್ತಿದ್ದಳು.

ಮುಂದಿನ ಗುರುವಾರ ನಸುಕಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಮರುದಿನದ ಆಟಕ್ಕೆಂದು ಸ್ವೆಟರು ತುಂಬಿ ಕಟ್ಟಿಟ್ಟ ಚೀಲ ಬಾಗಿಲ ಬಳಿಯೇ ಇತ್ತು. ಆಮೇಲಿನದು ನಿಮಗೆ ಪತ್ರಿಕೆಯಿಂದ ಗೊತ್ತಿದೆ, ನಾನು ರಾಗ ಎಳೆಯುವುದಿಲ್ಲ. ಹೆದರಿದೆವು, ಕಾದೆವು, ಕೊನೆಗೆ ಬಸ್ಸು ಹಿಡಿದು ಬಾಗ್ದಾದ್ ಮೂಲಕ ಜೋರ್ಡಾನಿಗೆ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ. ಕೈಯಲ್ಲಿ ಹೊರುವಷ್ಟೇ ಸಾಮಾನು. ಹೊರಡುವ ಬೆಳಿಗ್ಗೆ ನಾನು ಮಂಚದಡಿಯಿಂದ ಮಿಕ್ಸಿ ಎಳೆದೆ, ಕಂಬಳಿ ಎಳೆದೆ, ಯಾವುದನ್ನು ಒಯ್ಯಲಿ ಎಂದು ಕೈಕೈ ಹಿಸುಕಿದೆ. ಅಷ್ಟರಲ್ಲಿ ವಾರಿಜ ಅಡುಗೆಮನೆಯಿಂದ ಸ್ಕೇಟನ್ನು ತಂದು, ತನ್ನ ಧಾರೆಸೀರೆಯಲ್ಲಿ ಸುತ್ತಿ, ದೇವರ ಪಟದ ಪಕ್ಕದಲ್ಲೇ ಚೀಲಕ್ಕಿಟ್ಟಳು.

"ಅದು ಊರಿಗೆ ಆಗುದಿಲ್ಲ" ಎಂದೆ ನಾನು. ಹೌದು, ನಾನೇ ಅಂದದ್ದು.

"ಊರಿಗೆ ಆಗುದೆಲ್ಲ ಊರಲ್ಲಿ ಸಿಗ್ತದೆ. ಇದು ಸಿಗ್ತದಾ?"

ಹೀಗೆ ಊರಿಗೆಂದು ಕೊಂಡದ್ದೆಲ್ಲ ಕುವೈತಿನಲ್ಲೇ ಉಳಿಯಿತು, ಊರಿಗಾಗದ್ದೊಂದು ಊರು ತಲುಪಿತು. ಆ ವರ್ಷದ ಆಯುಧಪೂಜೆಗೆ ಊರಿನ ಮನೆಯ ಮೆಟ್ಟುಕತ್ತಿಯ ಜೊತೆ ಅದಕ್ಕೂ ಕುಂಕುಮ, ಸೇವಂತಿಗೆ. ದಾಮು ಒಮ್ಮೆ ಗುಟ್ಟಾಗಿ ಕಾಲು ತುರುಕಿ ನೋಡಿದ್ದು ನನಗೆ ಗೊತ್ತಿದೆ. ಹಿಮ್ಮಡಿ ಹೊರಗೇ ಉಳಿಯಿತಂತೆ.

ಯುದ್ಧ ಮುಗಿದು, ಈಗ ಮತ್ತೆ ಫರ್ವಾನಿಯಾದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕೆಲಸ ಮತ್ತೆ ಸಿಕ್ಕಿದೆ. ವಾರಿಜ, ಮಗಳು ಬರುವ ತಿಂಗಳು ಬರುತ್ತಾರೆ. ಬೇರೆಯವರು ಊರಿನಿಂದ ಉಪ್ಪಿನಕಾಯಿ, ಹಪ್ಪಳ ತಂದರು. ನಾನು ಅದರ ಜೊತೆಗೆ ಸ್ಕೇಟು ತಂದೆ. ಚೀಲ ತುಂಬುವಾಗ ವಾರಿಜ "ಇದು ಅಲ್ಲಿಗೆ ಆಗ್ತದಲ್ಲ" ಎಂದಳು, ಪ್ರಶ್ನೆಯ ಹಾಗೆ ಅಲ್ಲ. ರಿಂಕು ಯಾವಾಗ ತೆರೆಯುತ್ತದೋ ವಾಲ್ಟರನಿಗೂ ಗೊತ್ತಿಲ್ಲ, ಆದರೆ ಪ್ರತಿ ಗುರುವಾರ ಫೋನು ಮಾಡುತ್ತಾನೆ. ನಾನೂ ದಿನಕ್ಕೊಮ್ಮೆ ಹಗ್ಗ ಬಿಗಿದು ಕೋಣೆಯ ಜಮಖಾನದ ಮೇಲೆ ನಿಂತು ನೋಡುತ್ತೇನೆ. ಊರಿನ ಊಟಕ್ಕೆ ಹೊಟ್ಟೆ ಬೆಳೆದಿದೆ, ಪಾದ ಪ್ರಾಮಾಣಿಕವಾಗಿ ಹಾಗೆಯೇ ಉಳಿದಿದೆ.

ಮೊನ್ನೆ ಒಂದು ಡಿನ್ನರ್ ಸೆಟ್ಟು ಕೊಂಡೆ, ಹೂವಿನ ಚಿತ್ರದ್ದೇ. ಮನೆಗೆ ತಂದವನೇ ಡಬ್ಬ ಹರಿದು, ತೊಳೆದು, ಗಂಜಿ ಬಡಿಸಿಕೊಂಡು ಉಂಡೆ. ಈ ಕಡೆ ಬಂದರೆ ಊಟಕ್ಕೆ ಬನ್ನಿ. ಒಳ್ಳೆಯ ತಟ್ಟೆಯಲ್ಲೇ ಬಡಿಸುತ್ತೇನೆ.