ಜರೀನಾ ಹೇಳುತ್ತಿದ್ದ ಅರ್ಥಗಳು

ಹೆಸರು ಟೈಪು ಮಾಡಿದರೆ ಸಾಕು, ಅದಕ್ಕೊಂದು ತಮಾಷೆಯ ಅರ್ಥ ಫೋನಿನಲ್ಲಿ ಬಂದು ಬೀಳುವ ಕಾಲ ಇದು. ನಾನು ಏಳನೆಯ ತರಗತಿಯಲ್ಲಿದ್ದಾಗ ಕುರುಗೋಡಿನ ನಮ್ಮ ಓಣಿಯಲ್ಲಿ ಅಂಥ ಅರ್ಥಗಳು ಜರೀನಾಳ ಬಾಯಿಂದಲೇ ಬರಬೇಕಿತ್ತು.

ಜರೀನಾ ಪಕ್ಕದ ಮನೆಯವಳು, ನನ್ನದೇ ವಯಸ್ಸು. ಅವಳಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಎಣ್ಣೆ ಹಚ್ಚಿ ಬಾಚಿದ ಅವಳ ತಲೆಯಲ್ಲಿ ಯಾವಾಗಲೂ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿರುತ್ತಿತ್ತು.

ಬೇಸಿಗೆಯ ಆರಂಭದಲ್ಲಿ ನಮ್ಮ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರಡುತ್ತಿದ್ದರು. ಬೇವಿನ ನೆರಳಿನಲ್ಲಿ ಓಣಿಯ ಹೆಂಗಸರು, ಹುಡುಗಿಯರು ಸಾಲಾಗಿ ಕೂತು ತೊಟ್ಟು ಮುರಿಯುವುದು. ಒಬ್ಬರು ಸೀನಿದರೆ ಎಲ್ಲರೂ ಸೀನುತ್ತಿದ್ದರು. ಬೆರಳು ಉರಿಯುತ್ತಿದ್ದವು. ಮಧ್ಯಾಹ್ನ ಒಗ್ಗರಣೆ ಹಾಕಿದ ಮಂಡಕ್ಕಿ ಬಂದರೆ ಅದಕ್ಕೂ ನಮ್ಮ ಕೈಯ ಖಾರವೇ ಹತ್ತುತ್ತಿತ್ತು. ಬೇಸರ ಕಳೆಯಲು ಜರೀನಾ ಒಬ್ಬೊಬ್ಬರ ಹೆಸರನ್ನೂ ಹಿಡಿದು ಅರ್ಥ ಹೇಳಲು ಶುರು ಮಾಡಿದ್ದು ಅಲ್ಲೇ.

"ಸಿದ್ದಪ್ಪ ಅಂದ್ರ ಏನ್ರಿ? ಉಣ್ಣಾಕ ಕರೆದ್ರ 'ಸಿದ್ಧ', ಕೆಲಸಕ್ಕ ಕರೆದ್ರ 'ಅಪ್ಪಾ!'"

ಸಿದ್ದಪ್ಪನ ಹೆಂಡತಿಯೇ ಮೊದಲು ನಕ್ಕಳು. ನನಗೂ ನಗು ಬಂತು, ಅದರ ಹಿಂದೆಯೇ ಹೊಟ್ಟೆಯಲ್ಲಿ ಸಣ್ಣ ಉರಿಯೂ ಬಂತು. ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ?

ಮರುದಿನ ನಾನೂ ಒಂದು ತಯಾರು ಮಾಡಿಕೊಂಡು ಬಂದೆ. "ಎರ್ರೆಮ್ಮ ಅಂದ್ರ ಕೆಂಪಮ್ಮ!" ಎಂದೆ.

ಎದುರಿಗೆ ಕೂತಿದ್ದ ಎರ್ರೆಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಿ, "ತೆಲುಗಿನ್ಯಾಗ ಎರ್ರ ಅಂದ್ರ ಕೆಂಪೇ ಅಲ್ಲೇನಬೇ? ಅದು ಖರೇ ಅರ್ಥನ ಐತಲ್ಲ," ಎಂದಳು.

"ಹೌದು, ಸೀನಿ ಸೀನಿ ಮೂಗು ಕೆಂಪಾದಾಕಿ ಅಂತ," ಎಂದಳು ಜರೀನಾ. ಎರ್ರೆಮ್ಮ ಆ ಗಳಿಗೆಗೆ ಸರಿಯಾಗಿ ಸೀನಿದಳು. ಅಂಗಳವೆಲ್ಲ ಹೋ ಎಂದಿತು. ನನ್ನ ಮಾತಿಗೆ ಜರೀನಾ ಬಾಲ ಕಟ್ಟಿ ತನ್ನದು ಮಾಡಿಕೊಂಡುಬಿಟ್ಟಿದ್ದಳು.

ಆದರೆ ಅಷ್ಟು ಜನರಲ್ಲಿ ನಗದವಳು ಒಬ್ಬಳಿದ್ದಳು, ನನ್ನಮ್ಮ. ಹಿಂದಿನ ಚಳಿಗಾಲದಲ್ಲಿ ತೆಕ್ಕಲಕೋಟೆಯಲ್ಲಿದ್ದ ಅವಳ ತಾಯಿಗೆ, ಎಂದರೆ ನನ್ನಜ್ಜಿಗೆ, ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂದಾಗ, ಅಮ್ಮ ಸೀರೆ ಬದಲಾಯಿಸಿ ಓಡುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಹೋದರೆ, ಅಜ್ಜಿ ಆಗಲೇ ಕಣ್ಣು ಮುಚ್ಚಿದ್ದರು. ಕಡೆಯ ಮಾತು ಆಡಲಾಗಲಿಲ್ಲ. ಅವತ್ತಿನಿಂದ ಅಮ್ಮ ನಕ್ಕಿದ್ದನ್ನು ನಾನು ಕಾಣೆ. ಮನೆಯಲ್ಲಿ ಬಸ್ಸು ಎಂಬ ಮಾತನ್ನೇ ನಾವು ಬಿಟ್ಟಿದ್ದೆವು. ಅಪ್ಪ ಕೂಡ "ಬಳ್ಳಾರಿ ಗಾಡಿಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು. ನಾನಂತೂ ಅಮ್ಮನನ್ನು ನಗಿಸಲು ಕುಣಿದಿದ್ದೆ, ಮಾಸ್ತರರ ಹಾಗೆ ನಡೆದು ತೋರಿಸಿದ್ದೆ. ಅವಳು "ಸಾಕು ಬಿಡವ್ವ" ಎಂದು ಬೆನ್ನು ಸವರಿ ಒಳಗೆ ಹೋಗಿದ್ದಳು.

ಒಂದು ಮಧ್ಯಾಹ್ನ ಎರ್ರೆಮ್ಮ ಸುಮ್ಮನಿರಲಾರದೆ ಕೇಳಿದಳು. "ಎಲ್ಲಾರ್ದೂ ಆತು. ನಮ್ಮ ಬಸಮ್ಮಂದು ಹೇಳಬೇ."

ಬಸಮ್ಮ ನನ್ನಮ್ಮನ ಹೆಸರು. ಜರೀನಾ ಅಮ್ಮನ ಮುಖವನ್ನೇ ನೋಡುತ್ತ, "ಬಸಮ್ಮ ಅಂದ್ರ... ಬಸ್ಸು ಹೋದಮ್ಯಾಲ ಸ್ಟ್ಯಾಂಡಿಗೆ ಬರೋ ಅಮ್ಮ," ಎಂದಳು.

ಎಲ್ಲರ ಕೈಗಳೂ ನಿಂತವು. "ಲೇ ಹುಡುಗಿ!" ಎಂದು ಯಾರೋ ಗದರಿದರು. ಅಮ್ಮ ತಲೆ ತಗ್ಗಿಸಿದಳು. ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆಂದು ನಾನು ಎದ್ದೆ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುವಂತೆ, ಪಕ್ಕೆ ಹಿಡಿದುಕೊಂಡು, "ಅಯ್ಯ ನಿನ್ನ! ಖರೇ ಹೇಳಿದಿ ನೋಡು" ಎನ್ನುತ್ತ ನಕ್ಕಳು. ಖಾರದ ಕೈ ಕಣ್ಣಿಗೆ ತಗುಲಿ ಇನ್ನಷ್ಟು ನೀರು ಬಂತು. ಸೆರಗಿನಿಂದ ಒರೆಸಿಕೊಳ್ಳುತ್ತ, "ನಿಂದು ನಾ ಹೇಳ್ಲೇನು? ಜರೀನಾ ಅಂದ್ರ, ಜರಾ ನೀ ನಾಲಿಗಿ ಹಿಡಿ!" ಎಂದಳು.

ಸಂತೋಷಪಡಬೇಕಿತ್ತು ನಾನು. ಪಟ್ಟೆ ಕೂಡ. ಆದರೆ ಅಮ್ಮ ನಗುತ್ತ ಒರಗಿದ್ದು ಜರೀನಾಳ ಹೆಗಲ ಮೇಲೆ. ಅವಳ ತಲೆಯ ಹತ್ತಿ ಎಳೆಯನ್ನು ತೆಗೆದದ್ದು ಅಮ್ಮನ ಬೆರಳು. ನಾನು ತಿಂಗಳುಗಟ್ಟಲೆ ಸುತ್ತಿ ಸುತ್ತಿ ತಟ್ಟಿದ ಬಾಗಿಲನ್ನು ಇವಳು ಒಂದೇ ಮಾತಿನಲ್ಲಿ ತೆಗೆದು ಒಳಗೆ ಹೋಗಿ ಕೂತಿದ್ದಳು.

"ನಂದು ಯಾಕ ಹೇಳಿಲ್ಲ?" ಸಂಜೆ ಉರಿ ಆರಲೆಂದು ಮಜ್ಜಿಗೆಯಲ್ಲಿ ಬೆರಳದ್ದಿ ಕೂತಿದ್ದಾಗ ಜರೀನಾಳನ್ನು ಕೇಳಿದೆ.

"ಹೇಳಿದ್ರ ಸಿಟ್ಟಿಗೇಳ್ತಿ."

"ಏಳಂಗಿಲ್ಲ. ಹೇಳು."

"ಸುಮಾ ಅಂದ್ರ ಸುಮ್ ಸುಮ್ನ ಸಿಟ್ಟಾಗಾಕಿ."

ನಾನು ಮಜ್ಜಿಗೆಯ ಬಟ್ಟಲು ಕುಕ್ಕಿ ಎದ್ದುಹೋದೆ. ಹಿಂದಿನಿಂದ ಅಮ್ಮನ ನಗು ಕೇಳಿಸಿತು. ಅದು ಅವತ್ತಿನ ಎರಡನೆಯ ನಗು, ಅದೂ ಜರೀನಾಳಿಗೇ ಸಂದಿತು.

ರಾತ್ರಿ ಅನ್ನ ಬಡಿಸುತ್ತ ಅಮ್ಮ ಅಪ್ಪನಿಗೆ ಹೇಳಿದಳು: "ನೀವೆಲ್ಲಾರೂ ಆ ಮಾತು ಮುಚ್ಚಿ ಮುಚ್ಚಿ ಇಟ್ರಿ. ಉಸಿರು ಕಟ್ಟಿದಂಗಾಗಿತ್ತು. ಆ ಹುಡುಗಿ ಒಬ್ಬಾಕಿ ಅಂದ್ಲು ನೋಡ್ರಿ."

ಈಗ ಅಮ್ಮ ಬಳ್ಳಾರಿಯಲ್ಲಿ ನನ್ನ ಜೊತೆಗಿದ್ದಾಳೆ. ಓಣಿಯ ಅಂಗಳಗಳಲ್ಲಿ ಈಗ ಯಾರೂ ಮೆಣಸಿನಕಾಯಿ ಹರಡುವುದಿಲ್ಲ, ಹೊಲದಿಂದಲೇ ಲಾರಿ ಹತ್ತುತ್ತದೆ. ಸಾಲಾಗಿ ಕೂತು ಸೀನುತ್ತಿದ್ದವರಲ್ಲಿ ಎರ್ರೆಮ್ಮ ಇಲ್ಲ, ಸಿದ್ದಪ್ಪನ ಹೆಂಡತಿ ಇಲ್ಲ. ಅಮ್ಮನ ಕಿವಿಯೂ ಹೆಚ್ಚುಕಡಿಮೆ ಹೋಗಿದೆ. ಫೋನಿನಲ್ಲಿ ಬಂದ ಅರ್ಥಗಳನ್ನು ನಾನು ಕೂಗಿ ಹೇಳುತ್ತೇನೆ. ಕೂಗಿ ಹೇಳಿದ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ.

ಜರೀನಾ ಸಿರುಗುಪ್ಪದಲ್ಲಿ ಟೇಲರ್ ಅಂಗಡಿ ಇಟ್ಟಿದ್ದಾಳೆ. ಬಟ್ಟೆ ತರಲು ಬಳ್ಳಾರಿಗೆ ಬಂದಾಗ ಮನೆಗೆ ಬರುತ್ತಾಳೆ. ಹೋದ ವಾರ ಬಂದವಳು ಅಮ್ಮನ ಮಂಚದ ಮೇಲೆ ಕೂತು, ಕೈ ಹಿಡಿದುಕೊಂಡು, ಮೆಲ್ಲಗಿನ ದನಿಯಲ್ಲೇ ನನ್ನ ಗಂಡನ ಹೆಸರಿಗೆ ಒಂದು ಅರ್ಥ ಹೇಳಿದಳು. ಅಮ್ಮ ಹಲ್ಲಿಲ್ಲದ ಬಾಯಿ ತೆರೆದು ಪಕ್ಕೆ ಹಿಡಿದುಕೊಂಡು ನಕ್ಕಳು.

ಜರೀನಾ ಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದು ಕೇಳಿದಳು. "ಏನಂದ್ಲಬೇ ಆಕಿ?"

ನಾನು ಅವಳ ಕಿವಿಗೆ ಬಾಯಿಟ್ಟು, ಒಂದಕ್ಷರ ಬಿಡದೆ ಹೇಳಿದೆ.

ಅಮ್ಮ ನನ್ನ ಮುಖ ನೋಡಿದಳು. "ಹೌದಾ? ಅಷ್ಟೇನಾ?" ಎಂದು ಆ ಕಡೆ ಹೊರಳಿ ಮಲಗಿದಳು.