ಎದುರುಮನೆಯ ಅಕ್ಕನ ಹಿಡಿ ಅಕ್ಕಿ

ಅಡುಗೆಮನೆಯ ಅಟ್ಟದ ಮೇಲಿದ್ದ ಸ್ಟೀಲಿನ ಡಬ್ಬಿಯನ್ನು ಇಳಿಸಿಕೊಡಿ ಎಂದು ಹೋದ ತಿಂಗಳು ಹೆಂಡತಿ ಹೇಳಿದಳು. ಖಾಲಿ ಡಬ್ಬಿ ಅಂದುಕೊಂಡು ಒಂದೇ ಕೈ ಹಾಕಿದೆ, ಭುಜ ಜಗ್ಗಿತು. ಮುಚ್ಚಳ ತೆಗೆದರೆ ಮುಗ್ಗಿದ ಅಕ್ಕಿಯ ವಾಸನೆ, ಅದರೊಳಗೆ ಒಣ ಬೇವಿನ ಎಲೆಯ ಕಹಿ. ಮೇಲೆಲ್ಲ ಕರಿ ಹುಳ ಹರಿದಾಡುತ್ತಿತ್ತು. ಯಾವ ಅಕ್ಕಿ ಇದು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹೆಂಡತಿ ಆಗಲೇ ಮುಖ ತಿರುಗಿಸಿಕೊಂಡು ಸಿಂಕಿನಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ಎದುರುಮನೆಯ ಅಕ್ಕ ಸತ್ತ ಮೇಲೂ ನನ್ನ ಮನೆಯ ಅಕ್ಕಿಗೆ ಕೈ ಹಾಕುವುದನ್ನು ಬಿಟ್ಟಿರಲಿಲ್ಲ.

ನನಗೆ ಆಕೆ ಅಂದರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುತ್ತಾರೆ. ಬದುಕಿದ್ದಾಗ ಮುಖದೆದುರೇ ಹೇಳಿದ್ದೇನೆ, ಈಗ ಬರೆದರೆ ಏನಾಯಿತು.

ದುಡಿಯಲು ಬಂದ ತೆಲುಗಿನ ಊರಲ್ಲಿ, ಮಣಿಕೊಂಡದಲ್ಲಿ, ಆಗ ನಾವಿದ್ದ ಗಲ್ಲಿಯಲ್ಲಿ ಎರಡೂ ಕಡೆ ಸಿಮೆಂಟು ಶೀಟಿನ ಕೋಣೆಗಳು. ಆಕೆ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುವಷ್ಟು ಹತ್ತಿರ. ನಮ್ಮ ಯಾದಗಿರಿ ಕಡೆಯವಳೇ, ನಮ್ಮಂತೆ ಕ್ರೈಸ್ತಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ನಾನು ಟೈಲ್ಸ್ ಕೂರಿಸುವವನು. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟು ಉಸುಕು ಹೊತ್ತೆ, ಅಲ್ಲಿಂದ ಇಲ್ಲಿಯತನಕ ಯಾರ ಮುಂದೆಯೂ ಕೈ ಒಡ್ಡಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಕೂಡ ನಿಂತವನಲ್ಲ. ಸಣ್ಣಕ್ಕಿಯನ್ನು ಚೀಲಗಟ್ಟಲೆ ತರುತ್ತಿದ್ದೆ, ಗಲ್ಲಿಯ ನಡುವೆ ಹೆಗಲ ಮೇಲೆ ಹೊತ್ತುಕೊಂಡೇ ಬರುತ್ತಿದ್ದೆ. ನೋಡುವವರು ನೋಡಲಿ ಎಂದು.

ನಮ್ಮವರಲ್ಲಿ ಒಂದು ರೂಢಿ ಇದೆ. ಹೆಂಗಸರು ಅನ್ನಕ್ಕಿಡುವ ಮುಂಚೆ, ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಅದು ದೇವರ ಪಾಲು. ಶನಿವಾರ ಸಂಜೆ ಅಕ್ಕ ಬಟ್ಟೆಯ ಚೀಲ ಹಿಡಿದು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಿದ್ದಳು. ಭಾನುವಾರ ಚೀಲ ಚರ್ಚಿಗೆ ಹೋಗುತ್ತಿತ್ತು, ಪ್ರಾರ್ಥನೆ ಆಗುತ್ತಿತ್ತು, ಆಮೇಲೆ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೋ ಅವರಿಗೆ. ಚರ್ಚು ಅಂದರೆ ತಗಡಿನ ಶೆಡ್ಡು. ಬೆಳಿಗ್ಗೆ ತೆಲುಗಿನವರದು, ಮಧ್ಯಾಹ್ನ ಶೆಡ್ಡು ಕಾದು ಕೆಂಡವಾದ ಮೇಲೆ ನಮ್ಮ ಕನ್ನಡದವರದು.

ನನ್ನ ಮನೆಯಲ್ಲಿ ಈ ಹಿಡಿ ಗಿಡಿ ಬೇಡ ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ದೇವರು ಕೈ ಕೊಟ್ಟ, ಅಲ್ಲಿಗೆ ಅವನ ಕೆಲಸ ಮುಗಿಯಿತು, ಉಳಿದದ್ದು ನನ್ನದು. ಇದು ನನ್ನ ಲೆಕ್ಕ. ಚರ್ಚಿನಲ್ಲಿ ಎಲ್ಲರೂ ಕೂಡಿ ಹೇಳುವ ಕರ್ತನ ಪ್ರಾರ್ಥನೆಯಲ್ಲಿ ಆ ದಿನದ ಅನ್ನ ಕೇಳುವ ಸಾಲು ಬಂದಾಗ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ದುಡಿದು ತಂದ ಅನ್ನವನ್ನು ಮತ್ತೆ ಕೇಳುವುದೇನು? ಹೆಂಗಸರ ಸಾಲಿನಿಂದ ಅಕ್ಕ ಇದನ್ನು ಕಂಡುಹಿಡಿದುಬಿಟ್ಟಳು. ಅಂದಿನಿಂದ ಆ ಸಾಲು ಬಂದರೆ ಸಾಕು, ದನಿ ಎತ್ತರಿಸಿ ಹೇಳಿ ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ, ತುಟಿ ಇನ್ನೂ ಬಿಗಿ ಮಾಡಿಕೊಂಡು. ಇದು ಪ್ರತಿ ಭಾನುವಾರದ ಜಗಳ.

ಒಮ್ಮೆ ಆಕೆಯ ಒಲೆಕಟ್ಟೆ ಕುಸಿದಿತ್ತು. ಹೆಂಡತಿಯ ಕಾಟ ತಡೆಯಲಾರದೆ, ರಜೆಯ ದಿನ, ಯಾವುದೋ ಫ್ಲ್ಯಾಟಿನಲ್ಲಿ ಉಳಿದ ಟೈಲ್ಸ್ ಹಾಕಿ ಕಟ್ಟಿಕೊಟ್ಟೆ. ಮರುವಾರ ಚರ್ಚಿನಲ್ಲಿ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ, ಆಕೆ ಎದ್ದು ನಿಂತು, ಕರ್ತನು ನನ್ನ ಒಲೆಕಟ್ಟೆ ಕಟ್ಟಿಕೊಟ್ಟ ಎಂದು ಕೊಂಡಾಡಿದಳು. ನನ್ನ ಹೆಸರಿಲ್ಲ, ಸುದ್ದಿಯಿಲ್ಲ. ಹೊರಗೆ ಬಂದ ಮೇಲೆ ತಡೆದು ನಿಲ್ಲಿಸಿದೆ.

"ಏನಕ್ಕಾ, ಕರ್ತ ಬಂದು ಸಿಮೆಂಟ್ ಕಲಸಿದ್ನೇನು? ನಡ ನಂದು ನೋಯಾಕತ್ತೈತಿ."

"ಆ ನಡ ಯಾರು ಕೊಟ್ಟಾರೋ ತಮ್ಮಾ?"

"ನಮ್ಮವ್ವ ಕೊಟ್ಟಾಳ."

"ನಿಮ್ಮವ್ವನ್ನ ಯಾರು ಕೊಟ್ರು?"

ಆಕೆಯ ಜೊತೆ ಮಾತಿಗೆ ಬಿದ್ದರೆ ಆದಾಮನ ತನಕ ಹೋಗಿ ಬರಬೇಕಿತ್ತು. ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಗಚ್ಚಿಬೌಲಿಯ ಒಂದು ಕಟ್ಟಡದಲ್ಲಿ ಕಡಪಾ ಕಲ್ಲು ಹೊತ್ತು ಮೆಟ್ಟಿಲು ಹತ್ತುವಾಗ ಕಾಲು ಜಾರಿದ್ದು ಅದರ ಮುಂದಿನ ಬೇಸಿಗೆಯಲ್ಲಿ. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಹೆಂಡತಿ ಹಡೆದು ತಿಂಗಳೂ ಆಗಿರಲಿಲ್ಲ. ನನ್ನ ಜಾಗಕ್ಕೆ ಬೇರೆ ಮೇಸ್ತ್ರಿ ಬಂದ, ಜೊತೆಗಿದ್ದವರು ಅವನ ಜೊತೆಯಾದರು, ಅದರಲ್ಲಿ ತಪ್ಪೇನಿಲ್ಲ. ನಾನು ಗೋಡೆಗೆ ಒರಗಿ, ಪಟ್ಟಿ ಹಾಕಿದ ಕಾಲು ಚಾಚಿಕೊಂಡು ಶೀಟು ನೋಡುತ್ತಾ ಕೂತೆ. ಅಕ್ಕಿಯ ಚೀಲ ಗೋಡೆಗೆ ಆನಿಸಿ ನಿಲ್ಲಿಸಿದ್ದು ದಿನದಿನಕ್ಕೆ ಕುಗ್ಗಿ, ಒಂದು ದಿನ ಮಡಚಿಕೊಂಡು ನೆಲಕ್ಕೆ ಬಿತ್ತು. ಅದನ್ನು ನಾನೂ ನೋಡಿದೆ, ಹೆಂಡತಿಯೂ ನೋಡಿದಳು.

ಮರುದಿನ ಮಧ್ಯಾಹ್ನ ತಾಟಿನಲ್ಲಿ ಅನ್ನ ಬಂತು. ಒಂದು ತುತ್ತು ಬಾಯಿಗಿಟ್ಟೆ. ಒಂದು ಕಾಳು ಮುದ್ದೆಯಾಗಿದೆ, ಇನ್ನೊಂದು ನಡುವೆ ಬೆಂದಿಲ್ಲ, ಮತ್ತೊಂದು ಉದ್ದಕ್ಕೆ ಸೆಟೆದು ನಿಂತಿದೆ. ಬೆರಳಿನಿಂದ ಹರವಿ ನೋಡಿದೆ. ರೇಷನ್ನಿನ ದಪ್ಪ ಕಾಳು, ನುಚ್ಚು, ಯಾವುದೋ ಸಾಹುಕಾರರ ಮನೆಯ ಬಾಸುಮತಿ. ಎಲ್ಲರ ಮನೆಯ ಅಕ್ಕಿ ಒಂದೇ ಗಡಿಗೆಯಲ್ಲಿ ಬೆಂದರೆ ಹೀಗೇ ಆಗುತ್ತದೆ. ಹಿಡಿ ಅಕ್ಕಿಯನ್ನು ಉಂಡವರಿಗೆ ಇದು ಗೊತ್ತು. ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಸತ್ತ ಮೇಲೆ ಕೆಲವು ದಿನ ಅವ್ವ ಅದನ್ನೇ ಉಣಿಸಿದ್ದಳು... ಉಸುಕು ಹೊರಲು ಹೋಗಿದ್ದೇ ಅದನ್ನು ಮತ್ತೆ ಉಣಬಾರದು ಎಂದು.

ತಾಟು ದೂಡಿದೆ. ಹೆಂಡತಿ ಕೂಸನ್ನು ಎತ್ತಿಕೊಂಡು ಮೂಲೆಗೆ ಸರಿದಳು. ಕೂತಲ್ಲಿಂದಲೇ ಎದುರುಮನೆಗೆ ಕೇಳುವಂತೆ ಕೂಗಿದೆ. "ಏ ಅಕ್ಕಾ, ಬಾ ಇಲ್ಲಿ. ನನ್ನ ಮನೀಗೆ ಖೈರಾತಿ ಅಕ್ಕಿ ಯಾಕ ತಂದಿ?"

ಆಕೆ ಎರಡನೇ ಪಾಳಿಯ ಕೆಲಸಕ್ಕೆ ಹೊರಟಿದ್ದಳು, ಸೆರಗು ಸಿಕ್ಕಿಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ನಾ ತಂದಿಲ್ಲ. ದೇವರು ಕಳಿಸ್ಯಾನ."

"ದೇವರಿಗೆ ನನ್ನ ಮನೀ ವಿಳಾಸ ಯಾರು ಕೊಟ್ಟಾರ?"

"ನಿನ್ನ ಹೆಂಡ್ತಿ. ಮದಿವ್ಯಾಗಿ ಬಂದಾಗಿಂದ ದಿನಾ ಹಿಡಿ ಇಡಾಕತ್ತಾಳ. ಈ ಚೀಲದಾಗ ನಿಂದೂ ಅಕ್ಕಿ ಐತಿ."

ಹೆಂಡತಿಯ ಕಡೆ ನೋಡಿದೆ. ಆಕೆ ಕೂಸಿನ ಟೋಪಿ ಸರಿಮಾಡುತ್ತಿದ್ದಳು. ಇಷ್ಟು ವರ್ಷ ನಾನು ಹೊತ್ತು ತಂದ ಚೀಲದಿಂದ, ನಾನು ಬೇಡ ಅಂದದ್ದನ್ನು...

"ಹಂಗಾದ್ರ ನಂದು ನನಗ ಸಾಕು. ಬ್ಯಾರೆಯವರದು ತಗೊಂಡು ಹೋಗು."

"ಆತು. ನಿಂದು ಯಾವ್ದು ಆರ್ಸಿ ಇಟ್ಕೋ. ಉಳದದ್ದು ಸಂಜಿಗೆ ಬಂದು ಒಯ್ತೀನಿ." ಅಷ್ಟು ಹೇಳಿ ಹೋದಳು.

ಚೇಷ್ಟೆಗೆ ಹೇಳಿದ್ದಳು. ನಾನು ಚೇಷ್ಟೆ ಎಂದು ತಗೊಳ್ಳಲಿಲ್ಲ. ಮೊರ ತರಿಸಿದೆ, ಉಳಿದ ಅಕ್ಕಿಯನ್ನು ಸುರುವಿಕೊಂಡು ಆರಿಸಲು ಕೂತೆ. ಟೈಲ್ಸಿನ ಕೆಲಸದವನ ಕಣ್ಣು, ಕೂದಲೆಳೆಯಷ್ಟು ಏರುಪೇರಿದ್ದರೂ ಕಾಣುತ್ತದೆ. ಸಣ್ಣಕ್ಕಿಯ ಕಾಳು ಒಂದೊಂದೇ ಎಡಕ್ಕೆ, ಉಳಿದದ್ದು ಬಲಕ್ಕೆ. ಬೇರೆಯವರೂ ಸಣ್ಣಕ್ಕಿ ತಿನ್ನುತ್ತಾರೆ ಎಂಬುದು ತಲೆಗೆ ಬರಲಿಲ್ಲ ಎಂದಲ್ಲ, ಬಂದರೂ ಬಿಡಲಿಲ್ಲ. ಶೀಟು ಕಾದು ಬೆವರು ಮೊರದೊಳಗೆ ಬೀಳುತ್ತಿತ್ತು. ತಾಟಿನ ಅನ್ನ ಮೂಲೆಯಲ್ಲಿ ಒಣಗುತ್ತಿತ್ತು. ನಾನು ಉಣದೆ ಹೆಂಡತಿ ಉಣ್ಣುವವಳಲ್ಲ. ಸಂಜೆಯ ಹೊತ್ತಿಗೆ ಕೂಸು ಎದೆಗೆ ಬಾಯಿ ಹಾಕುವುದು, ಬಿಡುವುದು, ಅಳುವುದು ಮಾಡತೊಡಗಿತು. ನಾನು ತಲೆ ಎತ್ತಲಿಲ್ಲ.

ಅಕ್ಕ ಬಂದಳು. ಬಾಗಿಲಲ್ಲಿ ನಿಂತು ಮೊರ ನೋಡಿದಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ಒಳಗೆ ಬಂದು ನನ್ನ ಎಡಗಡೆಯ ರಾಶಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಬೊಗಸೆ ತುಂಬಲಿಲ್ಲ.

"ಅದು ನಂದು" ಎಂದೆ.

"ಹೌದು, ನಿಂದೇ. ದೇವರಿಗೆ ಕೊಟ್ಟಿದ್ದು ವಾಪಸ್ ಕಸಗೊಂಡಿ. ಇಷ್ಟರಾಗ ಇಬ್ಬರು ಉಣ್ತೀರೇನು?"

"ನೀರು ಕುಡ್ದು ಮಲಗ್ತೀವಿ. ನಿನಗೇನು?"

"ನೀ ಮಲಗು, ಯಾರು ಬ್ಯಾಡಂದಾರ. ಕೂಸಿಗೆ ಹಾಲು ಬೇಕು. ಹಾಲು ಬರಬೇಕಂದ್ರ ಈಕಿ ಉಣಬೇಕು. ಈಕಿ ಉಣಬೇಕಂದ್ರ ಮೊದಲ ನೀ ಉಣಬೇಕು. ಅದಕ್ಕ ಮುಚ್ಕೊಂಡು ಉಣು. ನಿನ್ನ ಇಜ್ಜತ್ ಆಮ್ಯಾಲ ನೋಡೋಣು."

ಹಾಗೆ ಹೇಳುತ್ತಾ, ಮಧ್ಯಾಹ್ನದಿಂದ ನಾನು ಬೇರೆ ಮಾಡಿದ್ದನ್ನೆಲ್ಲ ಎರಡೂ ಕಡೆಯಿಂದ ಬಳಿದು ಒಂದೇ ಗಡಿಗೆಗೆ ಹಾಕಿ ತೊಳೆದು ಒಲೆಯ ಮೇಲಿಟ್ಟಳು. ಎದ್ದು ತಡೆಯಲು ಕಾಲಿರಲಿಲ್ಲ. ಅನ್ನವಾದ ಮೇಲೆ ತಾಟು ನನ್ನ ತೊಡೆಯ ಮೇಲಿಟ್ಟು ಹೊಸ್ತಿಲಲ್ಲಿ ಕೂತಳು, ಪೊಲೀಸಿನವರ ಹಾಗೆ. ಕೂಸು ಅಳುತ್ತಲೇ ಇತ್ತು. ಉಂಡೆ. ಆಮೇಲೆ ಹೆಂಡತಿ ಉಂಡಳು. ಅಕ್ಕ ಅಲ್ಲೇ ಕಣ್ಣು ಮುಚ್ಚಿ, ತಂದೆಯೇ ನೀನು ಕೊಟ್ಟದ್ದಕ್ಕೆ ಸ್ತೋತ್ರ ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿ ಎದ್ದು ಹೋದಳು.

ಇದನ್ನು ಓದಿ, ಅವತ್ತು ನನ್ನ ಮನಸ್ಸು ಕರಗಿತು ಅಂದುಕೊಳ್ಳಬೇಡಿ. ಕರಗಲಿಲ್ಲ. ಕಾಲು ಕೂಡುವ ತನಕ ಅದೇ ಅಕ್ಕಿ ಬಂತು, ಉಂಡೆ. ಒಂದು ಮಾತು ಮಾತ್ರ ಹೇಳಬೇಕು. ಅಕ್ಕಿ ತಂದುಕೊಟ್ಟದ್ದು ತಾನು ಎಂದು ಆಕೆ ಒಂದು ದಿನವೂ ಹೇಳಲಿಲ್ಲ, ಚರ್ಚಿನಲ್ಲೂ ಹೇಳಲಿಲ್ಲ. ಅದೂ ನನಗೆ ಸಿಟ್ಟನ್ನೇ ತಂದಿತು. ತಾನು ಕೊಟ್ಟೆ ಅಂದಿದ್ದರೆ ಆಕೆಗೆ ತಿರುಗಿ ಕೊಟ್ಟು ಮುಗಿಸಬಹುದಿತ್ತು. ದೇವರು ಕೊಟ್ಟ ಅಂದರೆ ಯಾರ ಮನೆಗೆ ಹೋಗಿ ತೀರಿಸುವುದು?

ಆದರೂ ಬಿಡಲಿಲ್ಲ. ಮತ್ತೆ ಕೆಲಸಕ್ಕೆ ಹೋದ ಮೇಲೆ ಮೊದಲು ಮಾಡಿದ್ದು, ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಹಳೆಯ ಸಣ್ಣಕ್ಕಿಯ ಚೀಲ ತಂದು ಆಕೆಯ ಬಾಗಿಲಲ್ಲಿ ದೊಪ್ಪನೆ ಇಳಿಸಿದ್ದು. ಗಲ್ಲಿಯವರೆಲ್ಲ ನೋಡುತ್ತಿದ್ದರು. ನೋಡಲಿ ಎಂದೇ ತಂದದ್ದು.

ಆಕೆ ಚೀಲದ ಬಾಯಿ ಬಿಚ್ಚಿ ಒಂದೇ ಒಂದು ಹಿಡಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ದೇವರ ಪಾಲು ಬಂತು. ಉಳದದ್ದು ಒಯ್ಯಿ ತಮ್ಮಾ, ನಿನ್ನ ಹೆಂಡ್ತಿ ಬಾಣಂತಿ. ಜರಾ ಸಂಭಾಳಿಸಿ ಎತ್ತು, ಕಾಲು ಇನ್ನಾ ಹಸಿ ಐತಿ."

ಅದೇ ಚೀಲವನ್ನು ಅದೇ ಜನರೆದುರು ಹೊತ್ತುಕೊಂಡು ವಾಪಸ್ಸು ಬಂದೆ. ಗಲ್ಲಿ ದಾಟುವುದು ನಾಲ್ಕು ಹೆಜ್ಜೆ. ಅಷ್ಟು ದೂರ ನಾನು ಯಾವತ್ತೂ ನಡೆದಿಲ್ಲ.

ಆಮೇಲೆ ಬಹಳ ವರ್ಷ ಎದುರುಬದುರು ಬದುಕಿದೆವು. ಭಾನುವಾರದ ಜಗಳ ನಿಲ್ಲಲಿಲ್ಲ. ಶನಿವಾರ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರೆ ನಾನು ಹೊರಗೆ ಹೋಗುತ್ತಿದ್ದೆ. ಹೆಂಡತಿ ಈಗ ಕದ್ದು ಇಡುತ್ತಿರಲಿಲ್ಲ, ನನ್ನೆದುರೇ ಇಡುತ್ತಿದ್ದಳು. ಮುಂದೆ ಗಲ್ಲಿ ಒಡೆದು ಅಪಾರ್ಟ್‌ಮೆಂಟು ಎದ್ದಿತು, ನಾವು ಬೇರೆ ಬಾಡಿಗೆ ಮನೆಗೆ ಬಂದೆವು. ಆಕೆ ಕೆಲಸ ಆಗುವುದಿಲ್ಲ ಎಂದು ಊರಲ್ಲಿ ತಂಗಿಯ ಮನೆಗೆ ಹೋದಳು. ಒಂದು ದಿನ ಫೋನು ಬಂತು. ಬಸ್ಸು ಹತ್ತಿ ನಾವು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಸಿ ಮಣ್ಣಿನ ಗುಡ್ಡೆ, ಮೇಲೊಂದು ಕಟ್ಟಿಗೆಯ ಶಿಲುಬೆ. ಸಮಾಧಿಗೆ ನಾನೇ ಕಟ್ಟೆ ಕಟ್ಟಿ ಟೈಲ್ಸ್ ಹಾಕಿಕೊಡುತ್ತೇನೆ ಎಂದೆ.

"ಬ್ಯಾಡ್ರಿ ಅಣ್ಣಾ," ಅಂದಳು ಆ ತಂಗಿ. "ಮಣ್ಣೇ ಇರ್ಲಿ ಅಂತ ಅಕ್ಕ ಹೇಳಿ ಹೋಗ್ಯಾಳ್ರಿ."

ಸತ್ತ ಮೇಲೂ ಚೀಲ ವಾಪಸ್ಸು ಕಳಿಸಿದಳು.

ಈಗ ಚರ್ಚಿಗೆ ಪ್ರಾರ್ಥನೆ ನಡೆಸುವ ಹೊಸ ಅಯ್ಯಗಳು ಬಂದಿದ್ದಾರೆ. ಅಕ್ಕಿ ಗಿಕ್ಕಿ ಯಾಕೆ ಹೊರುತ್ತೀರಿ, ಫೋನಿನಲ್ಲೇ ಕಾಣಿಕೆ ಹಾಕಿ ಅನ್ನುತ್ತಾರೆ. ಶನಿವಾರ ಯಾರೂ ಬರುವುದಿಲ್ಲ. ಹೆಂಡತಿಯ ಕೈ ಮಾತ್ರ ನಿಂತಿಲ್ಲ. ಹಿಡಿ ಹಿಡಿ ಇಟ್ಟು ಅಟ್ಟದ ಡಬ್ಬಿಯನ್ನು ತುಂಬಿಸಿ, ಒಯ್ಯುವವರಿಲ್ಲದೆ ಹುಳ ಹಿಡಿಸಿದ್ದಾಳೆ.

"ಏನ್ ಮಾಡ್ಲಿ ಇದನ್ನ?" ಎಂದು ಕೇಳಿದಳು.

"ನನ್ನನ್ನ ಯಾಕ ಕೇಳ್ತಿ? ಇಟ್ಟಾಕಿ ನೀನು" ಎಂದೆ. ಮರುದಿನ ಡಬ್ಬಿಯನ್ನು ಗಾಡಿಯ ಮುಂದಿಟ್ಟುಕೊಂಡು ಕೆಲಸಕ್ಕೆ ಹೋದೆ. ಗಚ್ಚಿಬೌಲಿಯ ನಮ್ಮ ಸೈಟಿನ ಹಿಂದೆ ತಗಡಿನ ಗುಡಿಸಲುಗಳಿವೆ, ನಮ್ಮ ಕಡೆಯವರೇ, ಹೊಸದಾಗಿ ಬಂದವರು. ಸಿಮೆಂಟಿನ ಕೈಯಲ್ಲೇ ಒಬ್ಬ ಹೆಣ್ಣುಮಗಳು ಡಬ್ಬಿ ಇಸಿದುಕೊಂಡಳು.

"ಯಾರು ಕೊಟ್ಟು ಕಳಿಸ್ಯಾರ್ರೀ ಮೇಸ್ತ್ರಿ?"

ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಅಕ್ಕನ ದೇವರ ಹೆಸರನ್ನೂ ಹೇಳಲಿಲ್ಲ, ಅಷ್ಟು ಸುಲಭಕ್ಕೆ ಸೋಲುವವನಲ್ಲ ನಾನು. "ಹುಳ ಅದಾವ, ಬಿಸಿಲಿಗೆ ಹಾಕಿ ಆರ್ಸಿ ಮಾಡ್ಕೋ. ಡಬ್ಬಿ ನಾಳೆ ಕೊಡು" ಎಂದು ಗದರಿಸಿ ಬಂದೆ. ಈ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿ ಹೋದಳಲ್ಲ ಆ ಅಕ್ಕ ಎಂದು ಇಡೀ ದಿನ ಬೈದುಕೊಂಡೆ. ಡಬ್ಬಿ ತೊಳೆದು ವಾಪಸ್ಸು ಬಂತು. ಈಗ ಮತ್ತೆ ತುಂಬುತ್ತಿದೆ.

ಭಾನುವಾರ ಪ್ರಾರ್ಥನೆಯಲ್ಲಿ ಅನ್ನ ಕೇಳುವ ಆ ಸಾಲು ಬಂದಾಗ ನಾನು ಇವತ್ತಿಗೂ ಬಾಯಿ ತೆರೆಯುವುದಿಲ್ಲ. ತುಟಿ ಬಿಗಿ ಮಾಡಿಕೊಂಡು, ರೂಢಿಯಂತೆ, ಹೆಂಗಸರ ಕಡೆ ಕಣ್ಣು ಹೋಗುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಹೇಳುತ್ತಿರುತ್ತಾರೆ. ದನಿ ಎತ್ತರಿಸಿ ಕತ್ತು ಹೊರಳಿಸುವವರು ಯಾರೂ ಇಲ್ಲ... ಮೊದಲು ಅದು ಜಗಳವಾಗಿತ್ತು. ಈಗ ಬರೀ ಬಾಯಿ ಮುಚ್ಚಿಕೊಂಡು ನಿಂತಿರುವುದು.